ಹತ್ತು ರಾಗ, ಒಂದೇ ಲಯ: ಚರಣಜಿತ್ ಸಿಂಗ್ ಅವರ ಮುಂಬಯಿ



ಸಂಗೀತದ ದತ್ತಿ ಉಪನ್ಯಾಸ ಎಂದರೆ ಕಿರಾಣಾ ಘರಾಣೆಯ ಮಾತೋ ದಾಸರ ಪದಗಳ ಮಾತೋ ಬರುವುದು ವಾಡಿಕೆ. ನಾನು ಒಂದೇ ಒಂದು ಎಲ್‌ಪಿ ರೆಕಾರ್ಡಿನ ಮೇಲೆ ಮಾತಾಡಲು ಅನುಮತಿ ಕೇಳಿದೆ. ಸಂಘಟಕರು ಸಂತೋಷದಿಂದ ಒಪ್ಪಿದರು. ಆ ರೆಕಾರ್ಡು 1982ರಲ್ಲಿ ಇದೇ ಮುಂಬಯಿಯಲ್ಲಿ ತಯಾರಾಯಿತು. ಹೊರತಂದದ್ದು ಗ್ರಾಮಫೋನ್ ಕಂಪನಿ ಆಫ್ ಇಂಡಿಯಾ, ನಮ್ಮೆಲ್ಲರ ಬಾಯಲ್ಲಿ ಎಚ್‌ಎಂವಿ. ಹೆಸರು ‘ಸಿಂಥಸೈಸಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್’. ನುಡಿಸಿದವರು ಚರಣಜಿತ್ ಸಿಂಗ್. ಆ ಕಾಲದಲ್ಲಿ ಅದನ್ನು ಕೊಂಡವರು ಬಹಳ ಕಡಿಮೆ. ಇಪ್ಪತ್ತು ವರ್ಷ ಅದು ಹಳೆಯ ರೆಕಾರ್ಡುಗಳ ರಾಶಿಯಲ್ಲಿ ಬಿದ್ದಿತ್ತು. 2002ರಲ್ಲಿ ಎಡೋ ಬೌಮನ್ ಎಂಬ ಡಚ್ ಸಂಗ್ರಾಹಕರ ಕೈಗೆ ಅದರ ಒಂದು ಪ್ರತಿ ಸಿಕ್ಕಿತು. ಅವರು ಹುಡುಕಿಕೊಂಡು ಬಂದು ಕಲಾವಿದರನ್ನು ಕಂಡು, 2010ರಲ್ಲಿ ತಮ್ಮ ‘ಬಾಂಬೆ ಕನೆಕ್ಷನ್’ ಸಂಸ್ಥೆಯಿಂದ ಮರುಮುದ್ರಿಸಿದರು. ಯುರೋಪಿನ ಟೆಕ್ನೋ ಪ್ರಪಂಚ ಬೆರಗಾಯಿತು. ಇದು 1982ರದ್ದಾಗಿರಲಾರದು, ಈಗಿನ ಯಾರೋ ಹಳೆಯ ಹೊದಿಕೆ ಹಾಕಿ ಬಿಟ್ಟಿದ್ದಾರೆ ಎಂದು ಅನುಮಾನಿಸಿದವರೂ ಇದ್ದರು.

ಅವರ ಬೆರಗಿಗೆ ಕಾರಣವಿತ್ತು. ಆ ರೆಕಾರ್ಡಿನಲ್ಲಿರುವುದು ಮೂರೇ ವಿದ್ಯುನ್ಮಾನ ವಾದ್ಯ, ಮೂರೂ ಜಪಾನಿನ ರೋಲ್ಯಾಂಡ್ ಕಂಪನಿಯವು: ತಾಳಕ್ಕೆ ಟಿಆರ್-808, ಬೇಸ್‌ಗೆ ಟಿಬಿ-303, ರಾಗಕ್ಕೆ ಜ್ಯೂಪಿಟರ್-8. ಇದೇ ಟಿಬಿ-303 ಹಿಡಿದು ಷಿಕಾಗೋದ ‘ಫ್ಯೂಚರ್’ ಎಂಬ ಕರಿಯ ಹುಡುಗರ ತಂಡ 1987ರಲ್ಲಿ ‘ಆಸಿಡ್ ಟ್ರ್ಯಾಕ್ಸ್’ ಹೊರತಂದಾಗ ಆಸಿಡ್ ಹೌಸ್ ಎಂಬ ಪ್ರಕಾರವೇ ಹುಟ್ಟಿತೆಂದು ಚರಿತ್ರೆ ಬರೆದಾಗಿತ್ತು. ಮುಂಬಯಿಯ ರೆಕಾರ್ಡು ಅದಕ್ಕಿಂತ ಐದು ವರ್ಷ ಹಿಂದಿನದು. ಹೀಗಾಗಿ ಪತ್ರಿಕೆಗಳು ಚರಣಜಿತ್ ಸಿಂಗ್ ಅವರನ್ನು ಆಸಿಡ್ ಹೌಸಿನ ಪಿತಾಮಹ ಎಂದು ಕರೆದವು.

ಈ ಪಟ್ಟವನ್ನು ನಾನು ಒಪ್ಪುವುದಿಲ್ಲ. ಅದು ದೊಡ್ಡದಾಯಿತು ಎಂಬ ಕಾರಣಕ್ಕಲ್ಲ, ಚಿಕ್ಕದಾಯಿತು ಎಂಬ ಕಾರಣಕ್ಕೆ. ಷಿಕಾಗೋದ ಹುಡುಗರು ಈ ರೆಕಾರ್ಡನ್ನು ಕೇಳಿರಲಿಲ್ಲ; ಇವರು ಅವರಿಗಾಗಿ ನುಡಿಸಿರಲೂ ಇಲ್ಲ. ಎರಡಕ್ಕೂ ನಡುವೆ ಇರುವ ನಂಟು ಯಂತ್ರದ್ದು ಮಾತ್ರ. ಇನ್ನೊಬ್ಬರ ಚರಿತ್ರೆಗೆ ಮುನ್ನುಡಿಯಾಗಿ ಓದಿದರೆ ಮುಂಬಯಿಯ ಈ ಕೃತಿ ಅನಾಥವಾಗುತ್ತದೆ, ಆಕಾಶದಿಂದ ಉದುರಿದ ಹಾಗೆ ಕಾಣುತ್ತದೆ. ಅದು ಉದುರಿದ್ದಲ್ಲ. ತಾರ್‌ದೇವ್, ಮಹಾಲಕ್ಷ್ಮಿ, ಬಾಂದ್ರಾದ ಸ್ಟುಡಿಯೋಗಳಲ್ಲಿ ಎರಡು ದಶಕ ದುಡಿದ ಒಬ್ಬ ವಾದಕನ ಕೈ, ಕಿವಿ ಮತ್ತು ಅಭ್ಯಾಸದಿಂದ ಬೆಳೆದು ಬಂದದ್ದು. ಆ ದುಡಿಮೆಯಿಂದಲೇ ಮಾತು ಶುರುಮಾಡುತ್ತೇನೆ.

1960ರಿಂದ 1980ರವರೆಗಿನ ಹಿಂದಿ ಚಿತ್ರಗೀತೆಯ ಧ್ವನಿಮುದ್ರಣ ಹೇಗೆ ನಡೆಯುತ್ತಿತ್ತು ಎಂಬುದನ್ನು ಇಲ್ಲಿನ ಹಿರಿಯರು ಕೆಲವರಾದರೂ ಕಣ್ಣಾರೆ ಕಂಡಿರಬಹುದು. ತಾರ್‌ದೇವ್‌ನ ಫಿಲ್ಮ್ ಸೆಂಟರ್, ಮಹಾಲಕ್ಷ್ಮಿಯ ಫೇಮಸ್, ಬಾಂದ್ರಾದ ಮೆಹಬೂಬ್, ಪರೇಲ್‌ನ ರಾಜಕಮಲ್. ಬೆಳಿಗ್ಗೆ ವಾದಕರು ಸೇರುತ್ತಿದ್ದರು. ವಯಲಿನ್ನಿನವರಲ್ಲಿ ಹೆಚ್ಚಿನವರು ಗೋವೆಯವರು. ತಬಲಾ ಢೋಲಕ್‌ಗಳಿಗೆ ಬೇರೆ ಗುಂಪು. ಪಾರ್ಸಿಗಳು, ಪಂಜಾಬಿಗಳು, ಬಂಗಾಳಿಗಳು. ಸಂಗೀತ ನಿರ್ದೇಶಕರು ರಾಗ ಹಾಕಿಕೊಟ್ಟರೆ ಅದಕ್ಕೆ ವಾದ್ಯಗಳ ಮೈಕಟ್ಟು ಕೊಡುವವರು ಅರೇಂಜರ್‌ಗಳು. ಸೆಬಾಸ್ಟಿಯನ್ ಡಿಸೋಜಾ, ಆಂಟನಿ ಗೊನ್ಸಾಲ್ವಿಸ್ ಅಂಥವರು ಕಾಗದದ ಮೇಲೆ ಪಾಶ್ಚಾತ್ಯ ಸ್ವರಲಿಪಿಯಲ್ಲಿ ಬರೆದು ಹಂಚುತ್ತಿದ್ದರು. ಇಡೀ ವಾದ್ಯವೃಂದ, ಗಾಯಕ, ಗಾಯಕಿ ಎಲ್ಲರೂ ಒಟ್ಟಿಗೆ, ಒಂದೇ ಉಸಿರಿನಲ್ಲಿ. ಒಬ್ಬರು ತಪ್ಪಿದರೆ ಎಲ್ಲರೂ ಮತ್ತೆ ಮೊದಲಿನಿಂದ. ಸಂಬಳ ಶಿಫ್ಟಿನ ಲೆಕ್ಕ. ರೆಕಾರ್ಡಿನ ಹೊದಿಕೆಯ ಮೇಲೆ ಸಂಗೀತ ನಿರ್ದೇಶಕರ ಹೆಸರು, ಗೀತರಚನೆಕಾರರ ಹೆಸರು, ಹಾಡಿದವರ ಹೆಸರು. ನುಡಿಸಿದವರ ಹೆಸರು ಇರುತ್ತಿರಲಿಲ್ಲ. ನ್ಯೂಜಿಲೆಂಡಿನ ವಿದ್ವಾಂಸ ಗ್ರೆಗೊರಿ ಬೂತ್ ಈ ವಾದಕರನ್ನು ಒಬ್ಬೊಬ್ಬರಾಗಿ ಮಾತಾಡಿಸಿ 2008ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಆ ಕೆಲಸವನ್ನು ಮಾಡಲು ಅಷ್ಟು ದೂರದಿಂದ ಒಬ್ಬರು ಬರಬೇಕಾಯಿತು ಎಂಬುದು ನನಗೆ ನೋವಿನ ವಿಷಯ.

1940ರ ಸುಮಾರಿಗೆ ಹುಟ್ಟಿದ ಚರಣಜಿತ್ ಸಿಂಗ್ ಈ ಲೋಕದೊಳಗೆ ಗಿಟಾರ್ ಮತ್ತು ಬೇಸ್ ಗಿಟಾರ್ ಹಿಡಿದು ಬಂದವರು. ಶಂಕರ್-ಜೈಕಿಶನ್, ಲಕ್ಷ್ಮೀಕಾಂತ್-ಪ್ಯಾರೇಲಾಲ್, ಬರ್ಮನ್ ತಂದೆ ಮಗ ಇವರೆಲ್ಲರ ವಾದ್ಯವೃಂದಗಳಲ್ಲಿ ಕೂತವರು. ಹೊಸ ವಾದ್ಯ ಬಂತೆಂದರೆ ಅದರ ಮೇಲೆ ಅವರಿಗೆ ಕಣ್ಣು. 1971ರ ‘ದಮ್ ಮಾರೋ ದಮ್’ ಹಾಡಿನ ಅಮಲೇರಿದ ಗುಂಗನ್ನು ಯಾರು ತಾನೆ ಮರೆತಾರು? ಅದರಲ್ಲಿ ಅಕಾರ್ಡಿಯನ್ನಿನ ಆಕಾರದ, ವಿದ್ಯುತ್ತಿನಿಂದ ನುಡಿಯುವ ಟ್ರಾನ್ಸಿಕಾರ್ಡ್ ಎಂಬ ವಾದ್ಯವಿದೆ. ನುಡಿಸಿದವರು ಚರಣಜಿತ್. ದೇಶವೆಲ್ಲ ಗುನುಗಿದ ಹಾಡು, ನುಡಿಸಿದವರ ಹೆಸರು ಬಲ್ಲವರು ಸ್ಟುಡಿಯೋದೊಳಗಿನವರು ಮಾತ್ರ. ಜೊತೆಗೆ ಮದುವೆ, ಸಮಾರಂಭಗಳಲ್ಲಿ ನುಡಿಸುವ ಸ್ವಂತ ತಂಡವೂ ಅವರಿಗಿತ್ತು. ಪತ್ನಿ ಸುಪರ್ಣಾ ಅದರಲ್ಲಿ ಹಾಡುತ್ತಿದ್ದರು. ಚಿತ್ರಗೀತೆಗಳನ್ನು ವಾದ್ಯದಲ್ಲಿ ನುಡಿಸಿದ ರೆಕಾರ್ಡುಗಳೂ ಅವರ ಹೆಸರಿನಲ್ಲಿ ಬಂದಿದ್ದವು. ಆಗ ಅಂಥ ರೆಕಾರ್ಡುಗಳಿಗೆ ಒಳ್ಳೆಯ ಗಿರಾಕಿ.

ವಿದ್ಯುನ್ಮಾನ ವಾದ್ಯ ಮುಂಬಯಿಗೆ ಹೊಸತೇನಲ್ಲ ಎಂಬುದನ್ನು ನೆನಪಿಡಬೇಕು. ವಾದಕ ಕೇರ್ಸಿ ಲಾರ್ಡ್ 1970ರ ದಶಕದಲ್ಲೇ ಮೂಗ್ ಸಿಂಥಸೈಸರನ್ನು ಚಿತ್ರಸಂಗೀತಕ್ಕೆ ತಂದಿದ್ದರು. ಅದಕ್ಕೂ ಮೊದಲು, 1969ರಲ್ಲಿ, ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅಮೆರಿಕದ ಡೇವಿಡ್ ಟ್ಯೂಡರ್ ನೆರವಿನಿಂದ ಮೂಗ್ ಯಂತ್ರದ ಒಂದು ಸ್ಟುಡಿಯೋ ಎದ್ದಿತ್ತು. ಅಲ್ಲಿ ಕೆಲಸ ಮಾಡಿದ ಎಸ್. ಸಿ. ಶರ್ಮಾ, ಅತುಲ್ ದೇಸಾಯಿ, ಐ. ಎಸ್. ಮಾಥುರ್, ಜಿನರಾಜ್ ಜೋಶಿಪುರ ಅವರ ಟೇಪುಗಳು ದಶಕಗಳ ಕಾಲ ಕಪಾಟಿನಲ್ಲಿದ್ದು 2023ರಲ್ಲಷ್ಟೇ ರೆಕಾರ್ಡಾಗಿ ಹೊರಬಂದವು. ನಮ್ಮ ಬೆಂಗಳೂರಿನ ಕಥೆ ಇನ್ನೊಂದು ಬಗೆಯದು. ಎಚ್‌ಎಎಲ್‌ನಲ್ಲಿ ಎಂಜಿನಿಯರಾಗಿದ್ದ ಕೊಳಲುವಾದಕ ಜಿ. ರಾಜ್ ನಾರಾಯಣ್ ಶ್ರುತಿಪೆಟ್ಟಿಗೆಯನ್ನೂ ತಂಬೂರಿಯನ್ನೂ ವಿದ್ಯುನ್ಮಾನಕ್ಕೆ ಇಳಿಸಿ ರಾಡೆಲ್ ಸಂಸ್ಥೆ ಕಟ್ಟಿದ್ದು 1970ರ ದಶಕದ ಕೊನೆಗೆ. ಅಂದರೆ ಚರಣಜಿತ್ ತಮ್ಮ ಯಂತ್ರಗಳನ್ನು ಜೋಡಿಸುತ್ತಿದ್ದ ಹೊತ್ತಿಗೆ ನಮ್ಮ ಗಾಯಕರ ಹಿಂದೆ ಯಂತ್ರದ ಷಡ್ಜ ಆಗಲೇ ಮೊಳಗಲು ಶುರುವಾಗಿತ್ತು. ರಾಗಕ್ಕೂ ವಿದ್ಯುತ್ತಿಗೂ ಆಗಿಬರುವುದಿಲ್ಲ ಎನ್ನುವವರು ತಂಬೂರಿ ಪೆಟ್ಟಿಗೆಯನ್ನು ನೆನೆಯಬೇಕು.

ಇನ್ನು ಡಿಸ್ಕೋ. 1977ರಲ್ಲಿ ಮ್ಯೂನಿಕ್‌ನಲ್ಲಿ ಜಾರ್ಜಿಯೊ ಮೊರೊಡರ್ ಡೋನಾ ಸಮರ್ ಅವರಿಂದ ‘ಐ ಫೀಲ್ ಲವ್’ ಹಾಡಿಸಿ, ವಾದ್ಯ ಬಹುಪಾಲು ಸಿಂಥಸೈಸರಿನದೇ ಇರುವ ನೃತ್ಯಗೀತೆಯನ್ನು ಜಗತ್ತಿಗೆ ಕೊಟ್ಟರು. ಆ ಗಾಳಿಯನ್ನು ಹಿಂದಿ ಚಿತ್ರರಂಗಕ್ಕೆ ಬಿರುಸಾಗಿ ಬೀಸಿದವರು ನಮ್ಮವರು, ಬೆಂಗಳೂರಿನಲ್ಲಿ ಹುಟ್ಟಿದ ಕೊಡವ ಬಿದ್ದು ಅಪ್ಪಯ್ಯ. ಬೆಂಗಳೂರಿನಲ್ಲಿ ಗಿಟಾರ್ ಹಿಡಿದು, ಲಂಡನ್ನಿಗೆ ಹೋಗಿ, 1974ರಲ್ಲಿ ‘ಕುಂಗ್ ಫೂ ಫೈಟಿಂಗ್’ ಹಾಡನ್ನು ನಿರ್ಮಿಸಿ ಜಗತ್ತಿನಾದ್ಯಂತ ಕೇಳಿಸಿದವರು. 1980ರಲ್ಲಿ ‘ಕುರ್ಬಾನಿ’ಗಾಗಿ ‘ಆಪ್ ಜೈಸಾ ಕೋಯಿ’, ಮರುವರ್ಷ ನಾಜಿಯಾ ಹಸನ್ ಅವರ ‘ಡಿಸ್ಕೋ ದೀವಾನೆ’. ಅದೇ 1981ರಲ್ಲಿ ಕನ್ನಡದಲ್ಲಿ ಶಂಕರ್ ನಾಗ್ ಅವರ ‘ಗೀತಾ’ಕ್ಕೆ ಇಳಯರಾಜ ಕೊಟ್ಟ ಹಾಡುಗಳಿಗೆ ನಮ್ಮ ಕಾಲೇಜು ಹುಡುಗರು ಕುಣಿದದ್ದು ಈ ಸಭೆಯಲ್ಲಿ ಅನೇಕರಿಗೆ ಗೊತ್ತು. 1982ರ ಕೊನೆಗೆ ‘ಡಿಸ್ಕೋ ಡ್ಯಾನ್ಸರ್’ ಬಂತು. ಮುಂಬಯಿಯ ಸ್ಟುಡಿಯೋಗಳಲ್ಲಿ ಎಲ್ಲಿ ಕೇಳಿದರೂ ಅದೇ ಲಯ.

ಚರಣಜಿತ್ ತಮ್ಮ ಯಂತ್ರಗಳನ್ನು ಸಿಂಗಪುರದಿಂದ ತಂದರು. ಮನೆಯಲ್ಲಿ ಕೂತು ಅವನ್ನು ಒಂದಕ್ಕೊಂದು ಜೋಡಿಸಿ ನುಡಿಸಿ ನೋಡಿದರು. ಸಿನಿಮಾದಲ್ಲಿ ಇಷ್ಟೊಂದು ಡಿಸ್ಕೋ ಬರುತ್ತಿದೆ, ಅದನ್ನೇ ಇಟ್ಟುಕೊಂಡು ಬೇರೆ ಏನಾದರೂ ಯಾಕೆ ಮಾಡಬಾರದು, ತಬಲಾವನ್ನು ತೆಗೆದುಬಿಟ್ಟು ಡಿಸ್ಕೋ ಲಯಕ್ಕೆ ರಾಗಗಳನ್ನು ಯಾಕೆ ಕೂರಿಸಬಾರದು ಎಂದು ಹೊಳೆಯಿತು ಎಂಬುದು ಮುಂದೆ ಸಂದರ್ಶನಗಳಲ್ಲಿ ಅವರು ಹೇಳಿಕೊಂಡದ್ದರ ತಾತ್ಪರ್ಯ. ಇಷ್ಟೇ. ಕ್ರಾಂತಿಯ ಘೋಷಣೆ ಇಲ್ಲ. ಕೆಲಸ ಬಲ್ಲ ಮನುಷ್ಯ ಕೈಗೆ ಬಂದ ಹೊಸ ಉಪಕರಣದಿಂದ ಏನೇನು ಆಗುತ್ತದೆ ಎಂದು ನೋಡಿದ್ದು.

(ಇಲ್ಲಿ ಭೈರವ್ ರಾಗದ ಮೊದಲ ಎರಡು ನಿಮಿಷವನ್ನು ಸಭೆಗೆ ಕೇಳಿಸಲಾಯಿತು.)

ಈಗ ಕೇಳಿದಿರಲ್ಲ, ಇದರಲ್ಲಿ ಮೂರು ಪದರಗಳಿವೆ. ತಳದಲ್ಲಿ 808ರ ದಪ್ಪ ಡ್ರಮ್ಮಿನ ಪೆಟ್ಟು, ನಾಲ್ಕೂ ಎಣಿಕೆಗೆ ಸಮನಾಗಿ. ಅದರ ಮೇಲೆ ಕುಲುಕುತ್ತ, ಜಾರುತ್ತ ಓಡುವ ಧ್ವನಿ 303ರದು. ಮೇಲೆ ಜ್ಯೂಪಿಟರ್‌ನಲ್ಲಿ ರಾಗ.

303 ಒಂದು ವಿಚಿತ್ರ ಯಂತ್ರ. ರೋಲ್ಯಾಂಡ್ ಕಂಪನಿಯ ತಡಾವೊ ಕಿಕುಮೊಟೊ ಅದನ್ನು ರೂಪಿಸಿದ್ದು ಗಿಟಾರ್ ನುಡಿಸುವವರಿಗೆ ಮನೆಯಲ್ಲಿ ಅಭ್ಯಾಸಕ್ಕೆ ಬೇಸಿನ ಸಾಥಿ ಸಿಗಲಿ ಎಂದು. ನಿಜವಾದ ಬೇಸ್ ಗಿಟಾರಿನ ಹಾಗೆ ಅದು ಕೇಳಿಸಲೇ ಇಲ್ಲ. 1984ರ ಹೊತ್ತಿಗೆ ಕಂಪನಿ ತಯಾರಿಕೆ ನಿಲ್ಲಿಸಿತು. ತಯಾರಾದದ್ದು ಸುಮಾರು 10,000. ಬೆಲೆ ಬಿದ್ದು ಅಮೆರಿಕದ ಗಿರವಿ ಅಂಗಡಿಗಳಿಗೆ ಬಂದ ಮೇಲೆ ಬಡ ಹುಡುಗರ ಕೈಗೆ ಅದು ಸಿಕ್ಕಿತು. ಅದರೊಳಗೆ ಹದಿನಾರು ಮನೆಗಳ ಒಂದು ಪಂಕ್ತಿ ಇದೆ. ಒಂದೊಂದು ಮನೆಗೆ ಒಂದೊಂದು ಸ್ವರ ತುಂಬಬೇಕು. ಯಾವ ಸ್ವರಕ್ಕೆ ಒತ್ತು, ಯಾವ ಸ್ವರದಿಂದ ಯಾವುದಕ್ಕೆ ಜಾರಬೇಕು ಎಂದು ಗುರುತು ಮಾಡಬೇಕು. ಆಮೇಲೆ ಗುಂಡಿ ಒತ್ತಿದರೆ ಅದು ನಿಲ್ಲದೆ ಸುತ್ತುತ್ತದೆ. ಸ್ವರದ ಮೈಬಣ್ಣವನ್ನು ಕೊರೆದು ಚೂಪು ಮಾಡಲು, ಮೊಂಡು ಮಾಡಲು ಕೆಲವು ತಿರುಗಣೆಗಳಿವೆ. ಷಿಕಾಗೋದವರು ಸ್ವರಗಳನ್ನು ಹಾಗೇ ಬಿಟ್ಟು ಈ ತಿರುಗಣೆಗಳನ್ನು ತಿರುಗಿಸುತ್ತ ಹೋದರು. ಅದೇ ಅವರ ಸಂಗೀತವಾಯಿತು. ಚರಣಜಿತ್ ಅವರಿಗೆ ಮುಖ್ಯವಾದದ್ದು ಆ ಹದಿನಾರು ಮನೆಗಳಲ್ಲಿ ಏನು ತುಂಬಬೇಕು ಎಂಬುದು. ರಾಗದ ಸ್ವರಗಳನ್ನು ಬಿಟ್ಟು ಹೊರಗೆ ಹೋಗುವಂತಿಲ್ಲ. ಜಾರುವ ಗುರುತು ಇದೆಯಲ್ಲ, ಅದರಲ್ಲಿ ಅವರಿಗೆ ಮೀಂಡ್ ಕಾಣಿಸಿತು. ಕಂಪನಿಯವರು ಕನಸಿನಲ್ಲೂ ನೆನೆಯದ ಉಪಯೋಗ ಅದು.

ಹತ್ತು ರಾಗಗಳ ಆಯ್ಕೆಯನ್ನು ನೋಡಿ. ಮೊದಲ ಬದಿಯಲ್ಲಿ ಭೈರವ್, ಲಲಿತ್, ಭೂಪಾಲಿ, ತೋಡಿ, ಮಧುವಂತಿ. ಎರಡನೆಯ ಬದಿಯಲ್ಲಿ ಮೇಘ ಮಲ್ಹಾರ್, ಯಮನ್, ಕಲಾವತಿ, ಮಾಲಕಂಸ, ಬೈರಾಗಿ. ಇವುಗಳಲ್ಲಿ ಭೂಪಾಲಿ, ಕಲಾವತಿ, ಮಾಲಕಂಸ, ಬೈರಾಗಿ ನಾಲ್ಕೂ ಐದೈದು ಸ್ವರದವು. ಕರ್ನಾಟಕ ಪದ್ಧತಿ ಕೇಳಿ ಬೆಳೆದವರಿಗೆ ಇವು ಮೋಹನ, ವಲಚಿ, ಹಿಂದೋಳ, ರೇವತಿಗಳಾಗಿ ಪರಿಚಿತ. ಸುತ್ತುವ ಯಂತ್ರಕ್ಕೆ ಔಡವ ರಾಗಗಳು ಸೊಗಸಾಗಿ ಹೊಂದುತ್ತವೆ. ಸ್ವರಗಳ ನಡುವೆ ಜಾಗವಿದೆ, ಮತ್ತೆ ಮತ್ತೆ ಬಂದರೂ ಕಿವಿ ದಣಿಯುವುದಿಲ್ಲ. ನನ್ನ ಮಟ್ಟಿಗೆ ಈ ರೆಕಾರ್ಡಿನ ಶಿಖರ ಎರಡನೆಯ ಬದಿಯ ಕೊನೆಯ ಮೂರು ತುಣುಕುಗಳು.

ತೋಡಿಯ ಬಗ್ಗೆ ಹಾಗೆ ಹೇಳಲಾರೆ. ತೋಡಿಯ ಗಾಂಧಾರ ಎಷ್ಟು ಕೋಮಲ ಎಂಬುದು ಹುಬ್ಬಳ್ಳಿ-ಧಾರವಾಡದ ಕಿವಿಗಳಿಗೆ ಹೇಳಿಕೊಡಬೇಕಾದದ್ದಲ್ಲ. ಜ್ಯೂಪಿಟರ್‌ನ ಮನೆಗಳು ಪಿಯಾನೋದ ಹಾಗೆ ಸಮನಾಗಿ ಹಂಚಿದವು. ಆ ಗಾಂಧಾರ ಎರಡು ಮನೆಗಳ ನಡುವಿನ ಬಿರುಕಿನಲ್ಲಿದೆ. ಚರಣಜಿತ್ ಸ್ವರ ಬಾಗಿಸುವ ಸನ್ನೆಯಿಂದ, ಜಾರುಗಳಿಂದ ಅದರ ಹತ್ತಿರ ಹೋಗಲು ಯತ್ನಿಸುತ್ತಾರೆ. ಆದರೆ ನಿಂತು ನೆಲೆಸುವ ಸ್ವರಕ್ಕೆ ಜಾರು ಬದಲಿಯಾಗದು. ಲಲಿತ್‌ನಲ್ಲೂ ಹೀಗೆಯೇ. ಎರಡು ಮಧ್ಯಮಗಳು ಒಂದರ ಪಕ್ಕ ಒಂದು ಕೂತು ಉಂಟುಮಾಡುವ ಮುಂಜಾವದ ಕಳವಳ ಇಷ್ಟು ವೇಗದಲ್ಲಿ ಕರಗಿಹೋಗುತ್ತದೆ.

ಇನ್ನೊಂದು ಸೂಕ್ಷ್ಮ. 303ರ ಹದಿನಾರು ಮನೆಗಳೂ ತೀನ್‌ತಾಲದ ಹದಿನಾರು ಮಾತ್ರೆಗಳೂ ಲೆಕ್ಕಕ್ಕೆ ಒಂದೇ. ಆದರೆ ತೀನ್‌ತಾಲದಲ್ಲಿ ಖಾಲಿ ಇದೆ. ಒಂಬತ್ತನೆಯ ಮಾತ್ರೆಯಲ್ಲಿ ಎಡಗೈ ಸುಮ್ಮನಾಗಿ, ಸಮ್ ಇನ್ನು ಎಷ್ಟು ದೂರ ಎಂದು ಕೇಳುವವರಿಗೆ ಸೂಚನೆ ಸಿಗುತ್ತದೆ. ಡಿಸ್ಕೋದಲ್ಲಿ ಖಾಲಿ ಇಲ್ಲ, ಪ್ರತಿ ಪೆಟ್ಟೂ ಸಮ್‌ನಷ್ಟೇ ಭಾರ. ಆವರ್ತನ ಎಲ್ಲಿ ಮುಗಿಯಿತು ಎಂಬ ಕಾತರವನ್ನು ತಾಳ ಹೊರುವುದನ್ನು ಬಿಟ್ಟಾಗ ಆ ಹೊರೆಯೆಲ್ಲ ರಾಗದ ಮೇಲೆ ಬೀಳುತ್ತದೆ. ಆಲಾಪದ ತಾಳವಿಲ್ಲದ ವಿಸ್ತಾರವೂ ಇಲ್ಲಿ ಇಲ್ಲ. ಅನೇಕರು ಇದನ್ನು ಕೊರತೆಯೆಂದು ತಳ್ಳಿಹಾಕುತ್ತಾರೆ. ಆದರೆ ನಮ್ಮವರೇ ಹಿಂದೊಮ್ಮೆ ಇಂಥದೇ ಇಕ್ಕಟ್ಟಿಗೆ ಒಗ್ಗಿಕೊಂಡಿದ್ದರು. 1930ರ ದಶಕದಲ್ಲಿ ಗಂಗೂಬಾಯಿ ಹಾನಗಲ್ ಅವರು ‘ಗಾಂಧಾರಿ’ ಎಂಬ ಹೆಸರಿನಲ್ಲಿ 78 ಆರ್‌ಪಿಎಂ ತಟ್ಟೆಗಳಿಗೆ ಹಾಡುವಾಗ ಒಂದು ಬದಿಗೆ ಸುಮಾರು ಮೂರೇ ನಿಮಿಷ. ಮನೆಯಲ್ಲಿ ಗಂಟೆಗಟ್ಟಲೆ ಬೆಳೆಸುವ ರಾಗವನ್ನು ಮೂರು ನಿಮಿಷಕ್ಕೆ ಕಟ್ಟಬೇಕಿತ್ತು. ಆ ತಟ್ಟೆಗಳನ್ನು ನಾವು ರಾಗಸಂಗೀತವಲ್ಲ ಎನ್ನುತ್ತೇವೆಯೆ? ಚರಣಜಿತ್ ಅವರಿಗೆ ಸಿಕ್ಕಿದ್ದು ಸುಮಾರು ಐದು ನಿಮಿಷ ಮತ್ತು ದಣಿವರಿಯದ ಒಂದು ಡ್ರಮ್ಮು.

ಈಗ ಜರ್ಮನಿಯ ಕಡೆ ತಿರುಗುತ್ತೇನೆ. ಹೋಲಿಕೆಯ ಚಪಲಕ್ಕಲ್ಲ. ಒಬ್ಬ ಸಂಗೀತಗಾರನ ಬದುಕಿಗೆ ಸುತ್ತಲಿನ ವ್ಯವಸ್ಥೆ ಏನು ಮಾಡಬಲ್ಲದು ಎಂಬುದು ಅಲ್ಲಿ ಚೆನ್ನಾಗಿ ಕಾಣುತ್ತದೆ.

1961ರಲ್ಲಿ ಕೊಲೋನ್ ನಗರದಲ್ಲಿ ವೋಲ್ಫ್‌ಗಾಂಗ್ ಫೋಯ್ಟ್ ಹುಟ್ಟಿದರು. ನಮ್ಮ ರೆಕಾರ್ಡು ಬಂದಾಗ ಇಪ್ಪತ್ತೊಂದರ ಹುಡುಗ. ಆಸಿಡ್ ಹೌಸ್ ಯುರೋಪಿಗೆ ದಾಟಿದ ಮೇಲೆ, 1990ರ ದಶಕದ ಆರಂಭದಲ್ಲಿ ಮೈಕ್ ಇಂಕ್ ಮುಂತಾದ ಹೆಸರುಗಳಲ್ಲಿ ಆಸಿಡ್ ರೆಕಾರ್ಡುಗಳನ್ನು ಮಾಡತೊಡಗಿದರು. ಅದರಿಂದ ಮುಂದೆ ಅವರು ಹೋದದ್ದು ಕಳೆಯುವ ದಾರಿಗೆ. ಪೆಟ್ಟು ಉಳಿಯಲಿ, ಒಂದು ಸಣ್ಣ ಸದ್ದು ಉಳಿಯಲಿ, ಉಳಿದದ್ದೆಲ್ಲ ಹೋಗಲಿ. ಇದೇ ಮಿನಿಮಲ್ ಟೆಕ್ನೋ. 1995ರಿಂದ ‘ಸ್ಟುಡಿಯೊ 1’ ಹೆಸರಿನಲ್ಲಿ ಅವರು ತಂದ ತಟ್ಟೆಗಳ ಸರಣಿಯಲ್ಲಿ ತುಣುಕುಗಳಿಗೆ ಹೆಸರೂ ಇಲ್ಲ. ತಟ್ಟೆ ತಟ್ಟೆಗೂ ಒಂದೊಂದು ಬಣ್ಣ ಮಾತ್ರ. ಬರ್ಲಿನ್‌ನಲ್ಲಿ ಮೊರಿಟ್ಜ್ ಫಾನ್ ಓಸ್ವಾಲ್ಡ್, ಮಾರ್ಕ್ ಎರ್ನೆಸ್ಟಸ್ ಇಬ್ಬರು 1993ರಿಂದ ‘ಬೇಸಿಕ್ ಚಾನೆಲ್’ ಹೆಸರಿನಲ್ಲಿ ಇನ್ನೊಂದು ಬಗೆಯಲ್ಲಿ ಇದನ್ನೇ ಮಾಡುತ್ತಿದ್ದರು. ಡೆಟ್ರಾಯ್ಟಿನ ರಾಬರ್ಟ್ ಹುಡ್ 1994ರಲ್ಲಿ ‘ಮಿನಿಮಲ್ ನೇಷನ್’ ತಂದು ಈ ದಾರಿಗೆ ಹೆಸರು ಕೊಟ್ಟಂತಾಯಿತು.

ಬದಲಾವಣೆ ಕಡಿಮೆಯಾದಷ್ಟೂ ಕೇಳುವ ಕಿವಿ ಚುರುಕಾಗುತ್ತದೆ ಎಂಬುದು ಈ ಸಂಗೀತದ ನಂಬಿಕೆ. ವಿಲಂಬಿತದಲ್ಲಿ ಒಂದೊಂದೇ ಸ್ವರವನ್ನು ಸೇರಿಸುತ್ತ ಹೋಗುವ ಕಿರಾಣಾದ ಬಢತ್ ಕೇಳಿ ಬೆಳೆದ ನಮಗೆ ಈ ನಂಬಿಕೆ ಅಪರಿಚಿತವಲ್ಲ. ಆ ಅರ್ಥದಲ್ಲಿ ಚರಣಜಿತ್ ಮಿನಿಮಲ್ ಅಲ್ಲವೇ ಅಲ್ಲ ಎಂದು ಸ್ಪಷ್ಟವಾಗಿ ಹೇಳಬೇಕು. ಅವರ ಜ್ಯೂಪಿಟರ್ ಬಿಡುವಿಲ್ಲದೆ ನುಡಿಯುತ್ತದೆ. ಶಿಫ್ಟಿನಲ್ಲಿ ಅರ್ಧ ನಿಮಿಷದ ನಡುಸಂಗೀತದಲ್ಲಿ ತನ್ನೆಲ್ಲ ಕೈಚಳಕ ತೋರಿಸಬೇಕಾದ ವಾದಕನ ಅಭ್ಯಾಸ ಅದು. ಅವರ ರೆಕಾರ್ಡಿನಲ್ಲಿ ಮಿನಿಮಲ್ ಆಗಿರುವುದು ಯಂತ್ರಗಳ ಸಂಖ್ಯೆ ಮತ್ತು ಬೇರಾರೂ ಇಲ್ಲದ ಆ ಏಕಾಂತ. ಜೀವನವಿಡೀ ದೊಡ್ಡ ವೃಂದದ ನಡುವೆ ಕೂತ ಮನುಷ್ಯ ಒಮ್ಮೆ ಒಬ್ಬನೇ ಕೂತ.

ಫೋಯ್ಟ್ ಅವರ ‘ಗ್ಯಾಸ್’ ಎಂಬ ಇನ್ನೊಂದು ಯೋಜನೆ ಚರಣಜಿತ್ ಅವರಿಗೆ ಹೆಚ್ಚು ಹತ್ತಿರ. 1996ರಿಂದ 2000ದವರೆಗೆ ನಾಲ್ಕು ಆಲ್ಬಮ್. ಅವುಗಳಲ್ಲಿ ‘ಕೋನಿಗ್ಸ್‌ಫೋರ್ಸ್ಟ್’ ಎಂಬುದು ಕೊಲೋನ್ ಬಳಿಯ ಕಾಡಿನ ಹೆಸರು. ‘ತ್ಸೌಬರ್‌ಬರ್ಗ್’ ಎಂಬುದು ಥಾಮಸ್ ಮಾನ್ ಅವರ ಕಾದಂಬರಿಯ ಹೆಸರು. ಜರ್ಮನ್ ಶಾಸ್ತ್ರೀಯ ಸಂಗೀತದ ಹಳೆಯ ಧ್ವನಿಮುದ್ರಣಗಳ ಚೂರುಗಳನ್ನು ಹಿಗ್ಗಿಸಿ ಮಂಜಿನಂತೆ ಹರಡಿ, ಅದರ ಅಡಿಯಲ್ಲಿ ದೂರದ ಡ್ರಮ್ಮಿನ ಪೆಟ್ಟು. ತನ್ನ ನಾಡಿನ ಸಂಗೀತದ ಸ್ಮೃತಿಯನ್ನು ನೃತ್ಯದ ಲಯಕ್ಕೆ ತರುವ ಆಸೆ. 1982ರಲ್ಲಿ ಮುಂಬಯಿಯ ಸಿಖ್ ವಾದಕನೊಬ್ಬನಿಗೆ ಇದ್ದದ್ದೂ ಇದೇ ಆಸೆ.

ಹಾಗಾದರೆ ಒಬ್ಬರಿಗೆ ಮೂರು ದಶಕಗಳ ವೃತ್ತಿಜೀವನ, ಇನ್ನೊಬ್ಬರಿಗೆ ಇಂಥದೊಂದೇ ರೆಕಾರ್ಡು ಹೇಗೆ? ಪ್ರತಿಭೆಯ ಅಳತೆ ಇಲ್ಲಿ ಉತ್ತರ ಕೊಡುವುದಿಲ್ಲ. ಉತ್ತರ ಅಂಗಡಿಯಲ್ಲಿದೆ. 1993ರಲ್ಲಿ ಕೊಲೋನ್‌ನಲ್ಲಿ ಫೋಯ್ಟ್ ಮತ್ತು ಗೆಳೆಯರು ಒಂದು ರೆಕಾರ್ಡ್ ಅಂಗಡಿ ತೆರೆದರು. 1998ರಲ್ಲಿ ಅದೇ ‘ಕೊಂಪಾಕ್ಟ್’ ಆಯಿತು: ಅಂಗಡಿ, ಪ್ರಕಾಶನ, ವಿತರಣೆ ಎಲ್ಲವೂ ಒಂದೇ ಕಡೆ. ಬರ್ಲಿನ್‌ನಲ್ಲಿ ಎರ್ನೆಸ್ಟಸ್ ಅವರೂ 1989ರಲ್ಲೇ ‘ಹಾರ್ಡ್ ವ್ಯಾಕ್ಸ್’ ಅಂಗಡಿ ಇಟ್ಟವರು. ಶುಕ್ರವಾರ ತಟ್ಟೆ ಬಂದರೆ ಶನಿವಾರ ರಾತ್ರಿ ಅದು ಕ್ಲಬ್ಬಿನಲ್ಲಿ ಸುತ್ತುತ್ತದೆ, ಕುಣಿದವರ ಪ್ರತಿಕ್ರಿಯೆ ಸೋಮವಾರ ಅಂಗಡಿಗೆ ಮರಳುತ್ತದೆ. ಕೆಲವೇ ನೂರು ಪ್ರತಿ ಹೋದರೂ ನಷ್ಟವಿಲ್ಲ, ಮುಂದಿನದನ್ನು ಮಾಡಬಹುದು. ಬರ್ಲಿನ್ ಗೋಡೆ ಬಿದ್ದ ಮೇಲೆ ಪೂರ್ವ ಬರ್ಲಿನ್‌ನಲ್ಲಿ ಖಾಲಿ ಕಟ್ಟಡಗಳಿಗೆ ಬರವಿರಲಿಲ್ಲ. 1991ರ ‘ಟ್ರೆಸರ್’ ಕ್ಲಬ್ಬು ಒಂದು ಹಳೆಯ ಅಂಗಡಿಮಳಿಗೆಯ ನೆಲಮಾಳಿಗೆಯ ತಿಜೋರಿ ಕೋಣೆಯಲ್ಲಿ ಶುರುವಾಯಿತು.

ಮುಂಬಯಿಯಲ್ಲಿ ರೆಕಾರ್ಡು ಮುದ್ರಿಸಬೇಕಾದರೆ ದೊಡ್ಡ ಕಂಪನಿ ಬೇಕು. ದೊಡ್ಡ ಕಂಪನಿಗೆ ಬೇಕಾದದ್ದು ಚಿತ್ರಗೀತೆ. ರಾಗ ಎಂದು ಬರೆದಿದೆ ಎಂದು ಶಾಸ್ತ್ರೀಯ ವಿಭಾಗದಲ್ಲಿ ಇಟ್ಟರೆ ಅಲ್ಲಿಗೆ ಬರುವವರು ಡಿಸ್ಕೋ ಎಂಬುದನ್ನು ನೋಡಿ ಕೆಳಗಿಡುತ್ತಾರೆ. ಡಿಸ್ಕೋ ವಿಭಾಗದಲ್ಲಿಟ್ಟರೆ ಹಾಡೇ ಇಲ್ಲ. ಈ ಸಂಗೀತವನ್ನು ಇಡೀ ರಾತ್ರಿ ನುಡಿಸುವ ಜಾಗ ನಗರದಲ್ಲಿ ಎಲ್ಲಿತ್ತು? ಎರಡನೆಯ ಇಂಥ ರೆಕಾರ್ಡನ್ನು ಕೇಳುವವರೇ ಇರಲಿಲ್ಲ. ಚರಣಜಿತ್ ಮತ್ತೆ ತಮ್ಮ ವಾದನವೃತ್ತಿಗೆ ಮರಳಿದರು.

1982ರ ಮುಂಬಯಿ ಎಂದರೆ ಇಲ್ಲಿನ ನಮ್ಮ ಕನ್ನಡ ಸಮುದಾಯಕ್ಕೆ ನೆನಪಾಗುವುದು ಬೇರೆಯೇ ಸಂಗತಿ. ಜನವರಿ 18ರಂದು ದತ್ತಾ ಸಾಮಂತ್ ನೇತೃತ್ವದಲ್ಲಿ ಬಟ್ಟೆ ಗಿರಣಿಗಳ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಬಂದರು. ಗಿರಣಗಾಂವ್‌ನ ಚಾಳುಗಳಲ್ಲಿ, ಅವರನ್ನು ನಂಬಿಕೊಂಡಿದ್ದ ಖಾನಾವಳಿಗಳಲ್ಲಿ, ಹೋಟೆಲುಗಳಲ್ಲಿ, ರಾತ್ರಿಶಾಲೆಗಳಲ್ಲಿ ನಮ್ಮವರೂ ಇದ್ದರು. ಆ ಮುಷ್ಕರ ಎಂದೂ ವಿಧಿಪೂರ್ವಕ ಮುಗಿಯಲಿಲ್ಲ; ಗಿರಣಿಗಳೇ ಮುಗಿದವು. ಯಂತ್ರಗಳು ನಿಂತ ಅದೇ ವರ್ಷ, ಕೆಲವೇ ಮೈಲು ದೂರದಲ್ಲಿ, ನಿಲ್ಲದೆ ಬಡಿಯುವ ಯಂತ್ರವನ್ನು ಒಬ್ಬರು ಸಂಗೀತಕ್ಕೆ ಹೂಡುತ್ತಿದ್ದರು. ಟೆಕ್ನೋ ಹುಟ್ಟಿದ ಡೆಟ್ರಾಯ್ಟೂ ಕಾರ್ಖಾನೆಗಳು ಮುಚ್ಚಿದ ಊರೇ. ಪರೇಲ್‌ನ ಗಿರಣಿ ಆವರಣಗಳಿಗೆ ಡ್ರಮ್ಮಿನ ಸದ್ದು ಬಂದದ್ದು ತೀರ ತಡವಾಗಿ. ಲೋವರ್ ಪರೇಲ್‌ನಲ್ಲಿ ‘ಬ್ಲೂ ಫ್ರಾಗ್’ ಕ್ಲಬ್ಬು ತೆರೆದದ್ದು 2007ರಲ್ಲಿ. ಆ ಹೊತ್ತಿಗೆ ಅಲ್ಲಿ ದುಡಿದವರ ಮಕ್ಕಳು ವಿರಾರ್, ಬದಲಾಪುರಗಳಾಚೆ ಹೋಗಿದ್ದರು, ಒಳಗೆ ಕುಣಿಯುತ್ತಿದ್ದವರು ಬೇರೆಯವರು.

ಇನ್ನೊಂದು ಮುಚ್ಚುವಿಕೆಯ ಬಗ್ಗೆಯೂ ಹೇಳದೆ ಹೋದರೆ ಈ ಉಪನ್ಯಾಸ ಪ್ರಾಮಾಣಿಕವಾಗದು. ತಬಲಾ ತೆಗೆದುಬಿಡುವುದು ಚರಣಜಿತ್ ಅವರಿಗೆ ಒಂದು ಪ್ರಯೋಗ. ಹತ್ತು ಹದಿನೈದು ವರ್ಷಗಳಲ್ಲಿ ಅದೇ ಚಿತ್ರೋದ್ಯಮದ ನಿಯಮವಾಯಿತು. ಅನೇಕ ವಯಲಿನ್‌ಗಳ ಜಾಗಕ್ಕೆ ಒಂದು ಕೀಬೋರ್ಡು, ತಾಳವಾದ್ಯದವರ ಸಾಲಿನ ಜಾಗಕ್ಕೆ ಒಂದು ಯಂತ್ರ. ಒಟ್ಟಿಗೆ ಕೂತು ನುಡಿಸುವ ವೃಂದ 1990ರ ದಶಕದಲ್ಲಿ ಕರಗಿತು. ಎಷ್ಟೋ ಜನ ವಾದಕರು ಕೆಲಸವಿಲ್ಲದೆ ಮನೆ ಸೇರಿದರು. ಅದಕ್ಕೆ ಚರಣಜಿತ್ ಅವರನ್ನು ಹೊಣೆ ಮಾಡುವುದು ಅನ್ಯಾಯ. ಯಂತ್ರವನ್ನು ಅವರು ಜೊತೆಗಾರರನ್ನು ಬಿಡಿಸಲು ತಂದವರಲ್ಲ. ಆದರೆ ಆ ರೆಕಾರ್ಡಿನ ಏಕಾಂತವನ್ನು ಕೇಳುವಾಗ ನನಗೆ ಖಾಲಿಯಾಗಲಿದ್ದ ಕುರ್ಚಿಗಳೂ ನೆನಪಾಗುತ್ತವೆ. ಸಂಭ್ರಮದ ಲೇಖನಗಳಲ್ಲಿ ಈ ಮಾತು ಬರುವುದಿಲ್ಲ.

ಮರುಮುದ್ರಣದ ಬಳಿಕ ಅವರಿಗೆ ಎರಡನೆಯ ವೃತ್ತಿಜೀವನವೊಂದು ದಕ್ಕಿತು. ಎಪ್ಪತ್ತು ದಾಟಿದ ಮೇಲೆ ಯುರೋಪಿನ ವೇದಿಕೆಗಳಲ್ಲಿ ತಮ್ಮ ಮೊಮ್ಮಕ್ಕಳ ವಯಸ್ಸಿನವರ ಎದುರು ಅದೇ ರಾಗಗಳನ್ನು ನುಡಿಸಿದರು. 1982ರಲ್ಲಿ ಇಲ್ಲದೆ ಹೋದ ನೃತ್ಯದ ನೆಲ ಮೂವತ್ತು ವರ್ಷ ತಡವಾಗಿ, ಬೇರೆ ಖಂಡದಲ್ಲಿ ಸಿಕ್ಕಿತು. 2015ರ ಜುಲೈನಲ್ಲಿ ಮುಂಬಯಿಯಲ್ಲಿ ತೀರಿಕೊಂಡರು. ವಿದೇಶಿ ಪತ್ರಿಕೆಗಳು ಅವರ ಸಾವಿನ ಸುದ್ದಿಯನ್ನು ಗೌರವದಿಂದ ಬರೆದವು.

ಸಭೆಯ ಮುಂದೆ ನನ್ನದೊಂದು ಬೇಡಿಕೆ ಇದೆ. ಒಂಬತ್ತು ಹತ್ತರ ವಯಸ್ಸಿನಲ್ಲೇ ವೇದಿಕೆ ಏರಿದ ಬೆಳಗಾವಿ ಜಿಲ್ಲೆಯ ಸೂಳೆಭಾವಿಯ ಹುಡುಗನನ್ನು ಇದೇ ಮುಂಬಯಿಯಲ್ಲಿ ಬಿ. ಆರ್. ದೇವಧರ್ ತಮ್ಮ ಸಂಗೀತ ಶಾಲೆಯಲ್ಲಿ ಇಟ್ಟುಕೊಂಡು ಕಲಿಸಿದರು, ಆ ಹುಡುಗನೇ ಕುಮಾರ ಗಂಧರ್ವ. ಆ ಕಥೆ ನಮಗೆಲ್ಲ ಬಾಯಿಪಾಠ. ಆದರೆ ಮಂಗಳೂರು, ಉಡುಪಿ, ಕಾರವಾರ, ಬೆಳಗಾವಿ ಕಡೆಯಿಂದ ಬಂದು ಈ ನಗರದ ಸ್ಟುಡಿಯೋಗಳಲ್ಲಿ, ಬ್ಯಾಂಡುಗಳಲ್ಲಿ, ಹೋಟೆಲಿನ ವೇದಿಕೆಗಳಲ್ಲಿ, ಚರ್ಚಿನ ಗಾಯನವೃಂದಗಳಲ್ಲಿ ನುಡಿಸಿ ಹೆಸರಿಲ್ಲದೆ ಹೋದವರನ್ನು ನಮ್ಮ ಸಂಘಗಳು ಇನ್ನಾದರೂ ಹುಡುಕಬೇಕು. ಕನ್ನಡ, ತುಳು, ಕೊಂಕಣಿ ಮಾತಾಡುವ ಆ ಹಿರಿಯರಲ್ಲಿ ಕೆಲವರು ಮುಲುಂಡ್, ಡೊಂಬಿವಲಿ, ಮೀರಾ ರೋಡ್, ವಸಾಯಿ ಕಡೆ ಇನ್ನೂ ಇರಬಹುದು. ಅವರ ಕಪಾಟಿನಲ್ಲಿ ಸ್ವರಲಿಪಿಯ ಕಾಗದಗಳಿರಬಹುದು, ಸ್ಪೂಲ್ ಟೇಪುಗಳಿರಬಹುದು, ಶಿಫ್ಟಿನ ಹಣದ ಚೀಟಿಗಳಿರಬಹುದು. ಮಳೆಗಾಲದ ತೇವಕ್ಕೆ ಟೇಪು ಬೂಸ್ಟು ಹಿಡಿಯುತ್ತದೆ, ಹೆಚ್ಚು ಸಮಯವಿಲ್ಲ. ಈ ದತ್ತಿಯ ಮುಂದಿನ ವರ್ಷದ ಬಡ್ಡಿಯಲ್ಲಿ ಉಪನ್ಯಾಸದ ಬದಲು ಇಬ್ಬರು ವಿದ್ಯಾರ್ಥಿಗಳಿಗೆ ಒಂದು ರೆಕಾರ್ಡರ್ ಕೊಟ್ಟು ಲೋಕಲ್ ರೈಲಿನ ಪಾಸು ಮಾಡಿಸಿ ಈ ಕೆಲಸಕ್ಕೆ ಕಳಿಸಬಹುದೇ ಎಂದು ದತ್ತಿ ಕೊಟ್ಟ ಕುಟುಂಬದವರನ್ನು ಈ ವೇದಿಕೆಯಿಂದಲೇ ಕೇಳಿಕೊಳ್ಳುತ್ತೇನೆ. ಪ್ರಶ್ನೆಗಳಿಗೆ ಮೊದಲು ಮಾಲಕಂಸ ಮತ್ತು ಬೈರಾಗಿಯನ್ನು ಪೂರ್ತಿ ಕೇಳೋಣ. ಹತ್ತು ನಿಮಿಷ ಸಾಕು.